11 ಬ್ಲಾಕು ತೆಗೆದಿಟ್ಟಿದ್ದ ಅಕ್ಕನಿಗೆ

ಕಳೆದ ಗುರುವಾರ ನನ್ನ ಪಿಎಚ್‌ಡಿ ವೈವಾ, ಅಂದ್ರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ ಮುಗೀತು. ಎರಡು ಸಣ್ಣ ತಿದ್ದುಪಡಿ ಬಿಟ್ರೆ ಥೀಸಿಸ್ ಸರಿ ಇದೆ ಅಂದ್ರು. ಅವತ್ತಿಂದ ಮೆಸೇಜ್ ಮಾಡಿದವರಿಗೆಲ್ಲ ಒಂದು ಥ್ಯಾಂಕ್ಸ್ ಹಾಕಿ ಸುಮ್ಮನಾಗ್ತಿದ್ದೆ, ಆದ್ರೆ ಆರು ವರ್ಷದ ಋಣ ಒಂದು ಥ್ಯಾಂಕ್ಸಲ್ಲಿ ತೀರಲ್ಲ, ಅದಕ್ಕೇ ಇವತ್ತು ಕೂತು ಬರೀತಾ ಇದೀನಿ. ಮಧ್ಯದಲ್ಲಿ ಅಪ್ಪ ತೀರಿಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನ ಮತ್ತೆ ಬಿಡಿಸಿ ಹೇಳಲ್ಲ.

ನನ್ನ ಗೈಡ್ ಮೇಡಂ, ಲ್ಯಾಬಲ್ಲಿ ಜೊತೆಗಿದ್ದ ನಾಲ್ಕೂ ಜನ, ಇಲಿಯ ಅಷ್ಟು ಪುಟ್ಟ ಎದೆಗೂ ಎಕೋ (ಹೃದಯದ ಸ್ಕ್ಯಾನ್) ಮಾಡೋದು ಕಲಿಸಿದ ಸೀನಿಯರ್, ಅನಿಮಲ್ ಹೌಸಲ್ಲಿ ಭಾನುವಾರವೂ ಬಂದು ಪಂಜರ ನೋಡ್ತಿದ್ದವರು, ಸ್ಟ್ಯಾಟಿಸ್ಟಿಕ್ಸ್ ಅರ್ಥ ಆಗದೆ ಒದ್ದಾಡಿದಾಗ ಫೋನಲ್ಲೇ ಹೇಳಿಕೊಟ್ಟವರು, ಅಮ್ಮ, ತಮ್ಮ, ಎಲ್ಲರಿಗೂ ಮನಸಾರೆ ಧನ್ಯವಾದ. ನಿಮ್ಮಲ್ಲಿ ಒಬ್ಬರು ಇಲ್ಲದಿದ್ರೂ ಇದು ಆಗ್ತಿರಲಿಲ್ಲ.

ಆದ್ರೆ ಇವತ್ತು ನಾನು ಮುಖ್ಯವಾಗಿ ಬರೀಬೇಕಿರೋದು, ಅಂಗಾಂಶ ಕತ್ತರಿಸಿ ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡೋ ಹಿಸ್ಟಾಲಜಿ ರೂಮಿನ ಅಕ್ಕನ ಬಗ್ಗೆ.

ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರೆ ಅಕ್ಕ ಮಾಡಿದ್ದು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ಹಾರ್ಟ್ ಅಟ್ಯಾಕ್ ಆದ್ಮೇಲೆ ಎಷ್ಟೋ ಸಲ ಹೃದಯ ಮೊದಲಿನ ಆಕಾರದಲ್ಲಿ ಉಳಿಯಲ್ಲ. ಸತ್ತ ಸ್ನಾಯುವಿನ ಜಾಗದಲ್ಲಿ ಕೊಲಾಜೆನ್ ನಾರು ಕಟ್ಟಿಕೊಂಡು ಗಾಯದ ಕಲೆ ಆಗುತ್ತೆ, ಅಲ್ಲಿ ಗೋಡೆ ತೆಳ್ಳಗಾಗುತ್ತೆ, ಎಡಗಡೆ ಕೆಳಗಿನ ಕೋಣೆ ತಿಂಗಳು ತಿಂಗಳಿಗೆ ಹಿಗ್ಗುತ್ತಾ ಉದ್ದಕ್ಕಿದ್ದದ್ದು ಚೆಂಡಿನ ಥರ ದುಂಡಗಾಗುತ್ತೆ. ಕೋಣೆ ಅಗಲ ಆದಷ್ಟೂ, ಗೋಡೆ ತೆಳು ಆದಷ್ಟೂ ಗೋಡೆ ಮೇಲೆ ಬೀಳೋ ಎಳೆತ ಜಾಸ್ತಿ, ಎಳೆತ ಜಾಸ್ತಿ ಆದಷ್ಟೂ ಮತ್ತೆ ಹಿಗ್ಗೋದು, ಹೀಗೆ ಅದು ತನ್ನನ್ನೇ ತಾನು ಕೆಡಿಸಿಕೊಳ್ತಾ ಹೋಗುತ್ತೆ. ಇದಕ್ಕೇ ರೀಮಾಡೆಲಿಂಗ್ ಅನ್ನೋದು. ಡಾಕ್ಟ್ರು 'ಪಂಪಿಂಗ್ ಕಮ್ಮಿ ಆಗಿದೆ' ಅಂತಾರಲ್ಲ, ಎಷ್ಟೋ ಜನರಲ್ಲಿ ಅದರ ಹಿಂದೆ ಇರೋದು ಇದೇ.

ನಾನು ಅಂದುಕೊಂಡಿದ್ದು ಸರಳವಾಗಿತ್ತು. ನಾರುಗಟ್ಟೋದೇ ಶತ್ರು, ಅದನ್ನ ಮೊದಲ ದಿನದಿಂದಲೇ ತಡೆದ್ರೆ ಹೃದಯ ಮೆತ್ತಗೆ ಉಳಿಯುತ್ತೆ, ಚೆನ್ನಾಗಿ ಬಡಿಯುತ್ತೆ. ನಿಮಿಷಕ್ಕೆ 500, 600 ಸಲ ಬಡಿಯೋ ಇಲಿ ಹೃದಯದ ಒಂದು ರಕ್ತನಾಳ ಕಟ್ಟಿ ಹಾರ್ಟ್ ಅಟ್ಯಾಕ್ ತರಿಸಿ, ಅವತ್ತಿಂದಲೇ ನಾರುಗಟ್ಟೋದನ್ನ ತಡೆಯೋ ಔಷಧಿ ಶುರು ಮಾಡ್ತಿದ್ದೆ. ಯಾವ ಇಲಿಗೆ ಔಷಧಿ ಯಾವುದಕ್ಕೆ ಬರೀ ನೀರು ಅಂತ ನಂಗೂ ಗೊತ್ತಿರ್ತಿರಲಿಲ್ಲ, ಕೋಡ್ ಮೇಡಂ ಹತ್ತಿರ ಇತ್ತು.

ಮೂರನೇ ದಿನ, ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದ್ರೆ ಇಲಿ ಸತ್ತಿರ್ತಿತ್ತು, ಎದೆ ತೆರೆದ್ರೆ ಒಳಗೆಲ್ಲ ರಕ್ತ. ನನ್ನ ಕೈಯೇ ಸರಿ ಇಲ್ಲ, ಹೊಲಿಗೆ ಬಿಟ್ಟುಕೊಂಡಿದೆ ಅಂತ ಅಂದುಕೊಂಡೆ. ಅಪ್ಪ ಹೋಗಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಎಲ್ಲರೂ ಸ್ವಲ್ಪ ದಿನ ರಜಾ ತಗೋ ಅಂದ್ರು, ನಾನು ಕೇಳಲಿಲ್ಲ, ಮನೇಲಿ ಕೂತ್ರೆ ಉಸಿರುಗಟ್ಟಿದಂಗೆ ಆಗ್ತಿತ್ತು. ಹಂಗೆ ಸತ್ತ ಇಲಿಗಳನ್ನ ನೋಟ್‌ಬುಕ್ಕಲ್ಲಿ 'ಶಸ್ತ್ರಚಿಕಿತ್ಸೆಯ ಸಾವು' ಅಂತ ಬರೆದು ಲೆಕ್ಕದಿಂದ ಬಿಟ್ಟುಬಿಡ್ತಿದ್ದೆ. ಹೃದಯ ಬೀಸಾಕೋಕೆ ಮನಸ್ಸು ಬರದೆ ಕೊಳೆಯದ ಹಾಗೆ ಇಡೋ ಫಾರ್ಮಲಿನ್ ಡಬ್ಬಿಗೆ ಹಾಕಿ ಹಿಸ್ಟಾಲಜಿ ರೂಮಿನ ಮೂಲೇಲಿ ಇಟ್ಟು ಬಂದು ಮರೆತೇ ಹೋಗಿದ್ದೆ.

ಒಂದು ಸಂಜೆ ಮೇಡಂ ಕೋಡ್ ತೆಗೆದ್ರು. ಸತ್ತ 11ರಲ್ಲಿ 9 ಔಷಧಿ ಕೊಟ್ಟವೇ. ನಾನು ನಂಬಿಕೊಂಡು ಬಂದ ಔಷಧಿಯೇ ಸಾಯಿಸಿದೆ. ಮೇಡಂ 'ನಾಳೆ ಕೂತು ಮಾತಾಡೋಣ' ಅಂದು ಹೊರಟ್ರು, ನಾನು ಹಿಸ್ಟಾಲಜಿ ರೂಮಿನ ಹೊರಗೆ ನೆಲದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಇನ್ನು ಇದನ್ನ ಬಿಟ್ಟುಬಿಡ್ತೀನಿ ಅಂತ ಅವತ್ತು ನಿಜವಾಗ್ಲೂ ತೀರ್ಮಾನ ಮಾಡಿದ್ದೆ, ಇದನ್ನ ಇಲ್ಲಿವರೆಗೂ ಯಾರಿಗೂ ಹೇಳಿಲ್ಲ.

ಅಕ್ಕ ಬ್ಯಾಗ್ ಹಾಕ್ಕೊಂಡು ಮನೆಗೆ ಹೊರಟಿದ್ರು. ನನ್ನ ಮುಖ ನೋಡಿ ನಿಂತ್ರು, ಏನಾಯ್ತು ಅಂತ ಕೇಳಿದ್ರು, ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಒಳಗೆ ಹೋಗಿ ಡ್ರಾಯರ್ ಎಳೆದು ಒಂದು ಟ್ರೇ ತಂದು ನನ್ನ ಮುಂದೆ ಇಟ್ರು. ಅದರಲ್ಲಿ 11 ಪ್ಯಾರಾಫಿನ್ ಬ್ಲಾಕು. ನಾನು ಮೂಲೇಲಿ ಬಿಟ್ಟುಹೋಗಿದ್ದ ಅಷ್ಟೂ ಹೃದಯಗಳನ್ನ ಅವರೇ ಒಂದೊಂದಾಗಿ ಪ್ರೊಸೆಸ್ ಮಾಡಿ, ಮೇಣದಲ್ಲಿ ಕೂರಿಸಿ, ನಂಬರ್ ಬರೆದು ಇಟ್ಟಿದ್ರು. ಯಾರೂ ಹೇಳಿರಲಿಲ್ಲ. 'ಸತ್ತದ್ದು ಯಾಕೆ ಸತ್ತಿತು ಅಂತ ನೋಡೋದು ಬೇಡ್ವೇನೇ? ಬಾ, ಕಟ್ ಮಾಡೋಣ' ಅಂದ್ರು.

ಮನೆಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿದ್ರು. ಬ್ಲಾಕುಗಳನ್ನ ಐಸ್ ಮೇಲೆ ಇಟ್ಟು ತಣ್ಣಗೆ ಮಾಡ್ಕೊಂಡು, ತೆಳ್ಳಗೆ ಕತ್ತರಿಸೋ ಯಂತ್ರ ಮೈಕ್ರೋಟೋಮ್ ಮುಂದೆ ಕೂತ್ರು. ಆ ಚಕ್ರ ತಿರುಗಿಸೋ ಕೈ ಒಂದೇ ಲಯದಲ್ಲಿ ಹೋಗೋದು, ಬ್ಲೇಡಿನಿಂದ 5 ಮೈಕ್ರಾನ್ ದಪ್ಪದ ಪೊರೆ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಥರ ಇಳಿಯೋದು, ಅದನ್ನ ಬ್ರಷ್ಷಿನ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನ ಮೇಲೆ ಬಿಟ್ರೆ ಸುಕ್ಕೆಲ್ಲ ತಾನಾಗೇ ಬಿಚ್ಚಿಕೊಳ್ಳೋದು, ಕೆಳಗಿಂದ ಗ್ಲಾಸ್ ಸ್ಲೈಡ್ ತೂರಿಸಿ ಮೇಲೆತ್ತುವಾಗ ಅಕ್ಕ ಉಸಿರು ಬಿಗಿಹಿಡಿದಿರೋದು, ಇಷ್ಟನ್ನೂ ರಾತ್ರಿಯೆಲ್ಲ ನೋಡ್ತಾ ಕೂತಿದ್ದೆ. ಹೆಚ್ಚು ಮಾತಾಡಲಿಲ್ಲ ಅವರು. ಅಪ್ಪನ ಬಗ್ಗೆ ಒಂದೇ ಒಂದು ಸಲ ಕೇಳಿದ್ರು, ಕೊನೆಗೆ ಮಾತಾಡಿದ್ರಾ ನಿನ್ನ ಹತ್ತಿರ ಅಂತ. ನಾನು ಅತ್ತುಬಿಟ್ಟೆ. ಅವರು ಚಕ್ರ ನಿಲ್ಲಿಸಿ ನಾನು ಸಮಾಧಾನ ಆಗೋವರೆಗೂ ಸುಮ್ಮನೆ ಕೂತಿದ್ರು, ಆಮೇಲೆ 'ಮುಂದಿನ ಬ್ಲಾಕ್ ಕೊಡು' ಅಂದ್ರು.

ಸ್ಲೈಡಿಗೆ ಪಿಕ್ರೋಸಿರಿಯಸ್ ರೆಡ್ ಅನ್ನೋ ಬಣ್ಣ ಹಾಕಿದ್ರೆ ಸ್ನಾಯು ಹಳದಿ, ಕೊಲಾಜೆನ್ ಕೆಂಪು. ಬೆಳಗಿನ ಜಾವ ಮೊದಲ ಸ್ಲೈಡು ಮೈಕ್ರೋಸ್ಕೋಪಿಗೆ ಇಟ್ವಿ. ನಾನು ಹಾಕಿದ ಹೊಲಿಗೆ ಗಟ್ಟಿಯಾಗೇ ಇತ್ತು. ಅದರ ಎಷ್ಟೋ ಕೆಳಗೆ, ಬದುಕಿರೋ ಸ್ನಾಯು ಮತ್ತೆ ಸತ್ತ ಸ್ನಾಯು ಸೇರೋ ಅಂಚಲ್ಲಿ, ಒಳಗಿಂದ ಹೊರಗಿನವರೆಗೂ ಒಂದು ಸೀಳು. ಔಷಧಿ ಕೊಡದ ಇಲಿಯ ಅದೇ ದಿನದ ಸ್ಲೈಡಲ್ಲಿ ಆ ಜಾಗದಲ್ಲಿ ಕೆಂಪು ಎಳೆಗಳು ಬಲೆ ಥರ ಹೆಣೆದುಕೊಳ್ಳೋಕೆ ಶುರುವಾಗಿದ್ವು. ಔಷಧಿ ಕೊಟ್ಟ ಈ ಇಲಿಯದರಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಗೋಡೆಯನ್ನ ಹಿಡಿದಿಡೋಕೆ ಏನೂ ಇರಲಿಲ್ಲ, ಒಡೆದುಹೋಗಿತ್ತು.

ನಾನು ಶತ್ರು ಅಂದುಕೊಂಡಿದ್ದ ಆ ಕಲೆಯೇ ಮೊದಲ ವಾರ ಹೃದಯವನ್ನ ಒಡೆಯದ ಹಾಗೆ ಹಿಡ್ಕೊಂಡಿರೋದು. ಹಾರ್ಟ್ ಅಟ್ಯಾಕ್ ಆದವರಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನೋ, ಗಾಯ ಕೂಡೋದನ್ನ ನಿಧಾನ ಮಾಡೋ ಸ್ಟೀರಾಯ್ಡ್ ಕೊಟ್ಟು ನೋಡಿ ಕೆಡುಕಾಯ್ತು ಅಂತ 1976ರಲ್ಲೇ ವರದಿ ಬಂದಿತ್ತು, ಮೊದಲ ವರ್ಷವೇ ಓದಿದ್ದೆ, ಅಡಿಗೆರೆ ಕೂಡ ಎಳೆದಿದ್ದೆ, ಆದ್ರೆ ನನ್ನ ಇಲಿಗಳಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಅದೇ ಔಷಧಿನ ಗಾಯ ಗಟ್ಟಿಯಾದ ಮೇಲೆ, ಎರಡನೇ ವಾರದಿಂದ ಶುರು ಮಾಡಿದಾಗ ಇಲಿಗಳು ಉಳಿದುವು, ದೂರದ ಆರೋಗ್ಯವಾಗಿರೋ ಸ್ನಾಯುವಿನ ಮಧ್ಯೆ ನಾರು ಹಬ್ಬೋದೂ ಕಮ್ಮಿ ಆಯ್ತು. ನನ್ನ ಥೀಸಿಸ್ಸಿನ ಅರ್ಧಕ್ಕಿಂತ ಜಾಸ್ತಿ ಆ ರಾತ್ರಿಯಿಂದ ಹುಟ್ಟಿದ್ದು.

ಅಪ್ಪನಿಗೆ ಇದನ್ನ ಹೇಳೋಕಾಗಲಿಲ್ಲ ಅನ್ನೋದು ಇನ್ನೂ ಚುಚ್ಚುತ್ತೆ. ಅವರಿಗೆ ನನ್ನ ಕೆಲಸದ ಬಗ್ಗೆ ತುಂಬಾ ಕುತೂಹಲ ಇತ್ತು. ಚರ್ಮ ಹರಿದ್ರೆ ಬೆಳೆಯುತ್ತಲ್ಲ, ಹೃದಯ ಯಾಕೆ ಬೆಳೆಯಲ್ಲ ಅಂತ ಕೇಳ್ತಿದ್ರು. ಅಣುಬಾಂಬ್ ಪರೀಕ್ಷೆಯಿಂದ ಗಾಳಿಗೆ ಸೇರಿದ ಕಾರ್ಬನ್-14 ಇಟ್ಟುಕೊಂಡು ಹೃದಯದ ಜೀವಕೋಶಗಳ ವಯಸ್ಸು ಅಳೆದ 2009ರ ಕೆಲಸದ ಬಗ್ಗೆ ಹೇಳಿದ್ದೆ, 25ನೇ ವಯಸ್ಸಲ್ಲಿ ವರ್ಷಕ್ಕೆ ಸುಮಾರು 1 ಪರ್ಸೆಂಟ್ ಸ್ನಾಯುಕೋಶ ಹೊಸದಾಗುತ್ತೆ, 75ಕ್ಕೆ ಬರೋಷ್ಟರಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ ಅಂತ. 'ಹಂಗಾದ್ರೆ ಸ್ವಲ್ಪವಾದ್ರೂ ಬೆಳೆಯುತ್ತೆ ಅನ್ನು' ಅಂದಿದ್ರು. ಆ ಧ್ವನಿ ಕಿವೀಲೇ ಇದೆ. ಅದು ಸಾಕಾಗಲ್ಲಪ್ಪ ಅಂತ ನಾನು ಹೇಳಲಿಲ್ಲ.

ಹೃದಯದ ಕಾಯಿಲೆ ಇದ್ದ ಅಪ್ಪನಿಗೆ ಆ ಅಷ್ಟು ವರ್ಷ ಸಿಕ್ಕಿದ್ದೂ ಯಾರೋ ಕೊಟ್ಟದ್ದೇ. ಹಾವಿನ ವಿಷದ ಮೇಲಿನ ಕೆಲಸದಿಂದ ಬಂದ ಕ್ಯಾಪ್ಟೊಪ್ರಿಲ್ ಅನ್ನೋ ಔಷಧಿನ ಫೆಫರ್ ಅನ್ನೋ ವಿಜ್ಞಾನಿ ದಂಪತಿ ಮೊದಲು ಇಲಿಗಳಿಗೆ ಕೊಟ್ಟು ಹೃದಯ ಹಿಗ್ಗೋದು ಕಮ್ಮಿ ಆಗುತ್ತೆ ಅಂತ ತೋರಿಸಿದ್ರು, ಆಮೇಲೆ ಹಾರ್ಟ್ ಅಟ್ಯಾಕ್ ಆದವರಿಗೆ ಅದನ್ನ ಕೊಟ್ಟು ನೋಡಿದ ಸೇವ್ ಅನ್ನೋ ಟ್ರಯಲ್ಲಲ್ಲಿ 2231 ಜನ ಸೇರಿಕೊಂಡ್ರು, 1992ರಲ್ಲಿ ಫಲಿತಾಂಶ ಬಂತು, ಸಾವಿನ ಅಪಾಯ 19 ಪರ್ಸೆಂಟ್ ಕಮ್ಮಿ. ತಮಗೆ ಬಂದಿರೋದು ಔಷಧಿನೋ ಬರೀ ಸಕ್ಕರೆ ಗುಳಿಗೆನೋ ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ನುಂಗಿದ ಆ 2231 ಜನಕ್ಕೆ ನಾನು ಎಷ್ಟು ಕೈ ಮುಗಿದ್ರೂ ಕಮ್ಮಿ. ನನ್ನ ಇಲಿಗಳಿಗೂ ಅಷ್ಟೇ. ಅವುಗಳ ಸಾವು ದಂಡ ಆಗದ ಹಾಗೆ ನೋಡಿಕೊಂಡಿದ್ದು ಅಕ್ಕ, ನಾನಲ್ಲ.

ಪೇಪರ್ ಕಳಿಸುವಾಗ ಅಕ್ಕನ ಹೆಸರು ಲೇಖಕರ ಸಾಲಲ್ಲೇ ಇರಬೇಕು ಅಂತ ಕೇಳಿದೆ, ಮೇಡಂ ತಕ್ಷಣ ಒಪ್ಪಿದ್ರು. ಎಲ್ಲ ಲ್ಯಾಬಲ್ಲೂ ಹೀಗಾಗಬೇಕು ಅಂತ ನನ್ನ ಆಸೆ, ಸ್ಲೈಡ್ ಮಾಡಿದವರನ್ನ ಕೊನೆಗೆ ಒಂದು ಸಾಲಲ್ಲಿ ನೆನೆದು ಮುಗಿಸೋದು ನ್ಯಾಯ ಅಲ್ಲ.

ಅಕ್ಕ, ನೀವು ಇದನ್ನ ಓದ್ತೀರ ಅಂತ ಗೊತ್ತು. ಆ ರಾತ್ರಿಯ ಮೊದಲ ಸ್ಲೈಡು ಥೀಸಿಸ್ಸಿನ ನಾಲ್ಕನೇ ಅಧ್ಯಾಯದ ಮೊದಲ ಚಿತ್ರ ಆಗಿದೆ. ಪೆನ್ನಲ್ಲಿ ಬರೆದ್ರೆ ಮೇಣ ಕರಗಿಸೋ ಜೈಲೀನ್ ದ್ರಾವಣದಲ್ಲಿ ಅಳಿಸಿಹೋಗುತ್ತೆ ಅಂತ ನೀವು ಯಾವಾಗಲೂ ಪೆನ್ಸಿಲ್ಲಲ್ಲೇ ಬರೆಯೋದಲ್ವಾ, ಸ್ಕ್ಯಾನಲ್ಲಿ ಅಂಚಿನ ಆ ಬರಹವೂ ಬಂದುಬಿಟ್ಟಿತ್ತು, ನಂಬರು, ತಾರೀಖು, ಪಕ್ಕದಲ್ಲಿ ನಿಮ್ಮ ಇನಿಷಿಯಲ್ಲು. ಚಿತ್ರ ಚೊಕ್ಕ ಕಾಣುತ್ತೆ, ಅಂಚು ಕತ್ತರಿಸು ಅಂತ ಒಬ್ಬರು ಅಂದ್ರು. ನಾನು ಕತ್ತರಿಸಲಿಲ್ಲ.