ಸಾಸೇಜ್ ಪ್ಯಾಕೆಟ್ ಮೇಲೆ ಫಾಸ್ಫರಸ್ ಪ್ರಮಾಣವನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಕಿಡ್ನಿ ಕಾಯಿಲೆಯವರ ಪಥ್ಯ ಎಂದ ಕೂಡಲೇ ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ಮುಟ್ಟಬೇಡಿ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಈಗ ಸಣ್ಣ ಅಂಗಡಿಗಳ ಫ್ರೀಜರ್‌ನಲ್ಲೂ ಸಿಗುವ ಚಿಕನ್ ಸಾಸೇಜ್, ಸಲಾಮಿ, ನಗೆಟ್ಸ್ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಡಯಾಲಿಸಿಸ್‌ನಲ್ಲಿರುವ ನನ್ನ ಪತಿಗೆ ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆಯಲ್ಲೂ ಇವುಗಳ ಹೆಸರಿರಲಿಲ್ಲ.

ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಜಾಸ್ತಿ ಬೇಕು ಎನ್ನುತ್ತಾರೆ. ಅದು ಸರಿಯೇ. (ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ಮಿತವಾಗಿ ತಿನ್ನಿ ಎಂಬುದು ಸಾಮಾನ್ಯ ಸಲಹೆ. ಇಬ್ಬರಿಗೂ ಒಂದೇ ಪಥ್ಯವಲ್ಲ.) ಆದರೆ ಪ್ರೋಟೀನ್ ಎಂದು ಮನೆಯವರು ಸುಲಭಕ್ಕೆ ಸಾಸೇಜ್ ತಂದು ಹುರಿದುಕೊಟ್ಟರೆ ಅದರ ಜೊತೆಗೆ ಉಪ್ಪೂ ಫಾಸ್ಫೇಟೂ (ಫಾಸ್ಫರಸ್ ಇರುವ ಲವಣ) ಹೊಟ್ಟೆ ಸೇರುತ್ತವೆ. ದಿನಕ್ಕೆ 2000 ಮಿಲಿಗ್ರಾಂ ಒಳಗೆ ಸೋಡಿಯಂ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 100 ಗ್ರಾಂ ಸಾಸೇಜ್‌ನಲ್ಲೇ ಹಲವು ಸಲ 800 ಮಿಲಿಗ್ರಾಂ ದಾಟಿರುತ್ತದೆ. ಕುಡಿಯುವ ನೀರನ್ನೂ ಅಳೆದು ಕೊಡಬೇಕಾದ ರೋಗಿಗೆ ಆಮೇಲೆ ಬಾಯಾರಿಕೆ ತಡೆಯುವುದು ಎಷ್ಟು ಕಷ್ಟ ಎಂಬುದು ಜೊತೆಗಿದ್ದವರಿಗೇ ಗೊತ್ತು.

ಉಪ್ಪಿನ ಲೆಕ್ಕವಾದರೂ ಪ್ಯಾಕೆಟ್ ಮೇಲಿರುತ್ತದೆ. ನಿಜವಾದ ತೊಡಕು ಫಾಸ್ಫರಸ್‌ನದು. ತಾಜಾ ಮಾಂಸದಲ್ಲೂ ಅದಿದೆ, ಆದರೆ ದೇಹ ಅದರಲ್ಲಿ ಸುಮಾರು ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಮಾಂಸ ನೀರು ಬಿಡದಂತೆ, ಮೆತ್ತಗಿರುವಂತೆ ಕಾರ್ಖಾನೆಯಲ್ಲಿ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು, ನಾಲ್ಕು ಗಂಟೆಯ ಡಯಾಲಿಸಿಸ್‌ ಕೂಡ ಸಾಕಷ್ಟು ತೆಗೆಯಲಾರದು. ಮೈ ತುರಿಕೆ, ಮೂಳೆ ಸವೆತ, ರಕ್ತನಾಳ ಗಟ್ಟಿಯಾಗುವುದು ಎಲ್ಲಕ್ಕೂ ಇದರ ನಂಟಿದೆ. ಊಟದ ಜೊತೆ ಫಾಸ್ಫರಸ್ ರಕ್ತಕ್ಕೆ ಸೇರದಂತೆ ತಡೆಯುವ ಮಾತ್ರೆ ನುಂಗಿಸುತ್ತಾ ಅದೇ ತಟ್ಟೆಗೆ ಸಾಸೇಜ್ ಬಡಿಸಿದರೆ ಮಾತ್ರೆಯಿಂದ ಏನು ಪ್ರಯೋಜನ? ನಮ್ಮ ಕರಾವಳಿಯ ಒಣಮೀನೂ ಇವರಿಗೆ ಆಗದು ನಿಜ, ಆದರೆ ಅದರ ಉಪ್ಪು ನಾಲಿಗೆಗೆ ತಿಳಿಯುತ್ತದೆ. ಫಾಸ್ಫೇಟ್‌ಗೆ ಅಂಥ ರುಚಿಯೇ ಇಲ್ಲ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದಲ್ಲಿ ಸೋಡಿಯಂ ಪ್ರಮಾಣ ಕಡ್ಡಾಯ, ಫಾಸ್ಫರಸ್ ಕಡ್ಡಾಯವಲ್ಲ. ಪದಾರ್ಥಗಳ ಸಾಲಿನಲ್ಲಿ 450, 451, 452 ಎಂಬ ಸಂಖ್ಯೆಗಳು ಸಣ್ಣ ಅಕ್ಷರದಲ್ಲಿರುತ್ತವೆ. ಅವೇ ಫಾಸ್ಫೇಟ್ ಎಂದು ಎಷ್ಟು ಜನರಿಗೆ ಗೊತ್ತು? 'ಕಡಿಮೆ ಸೋಡಿಯಂ' ಎಂದು ಬರೆದದ್ದನ್ನು ತಂದರೆ ಅದರಲ್ಲಿ 508, ಅಂದರೆ ಪೊಟ್ಯಾಶಿಯಂ ಕ್ಲೋರೈಡ್ ಇರಬಹುದು. ಪೊಟ್ಯಾಶಿಯಂ ಏರಿದವರಿಗೆ ಅದು ಹೃದಯಕ್ಕೇ ಅಪಾಯ.

ಪ್ರಾಧಿಕಾರವು ಫಾಸ್ಫರಸ್ ಪ್ರಮಾಣವನ್ನು ಲೇಬಲ್‌ನಲ್ಲಿ ಕಡ್ಡಾಯ ಮಾಡಲಿ. ಅದಕ್ಕೆ ಕಾಲ ಹಿಡಿಯುವುದಾದರೆ, ಈ ನಾಲ್ಕು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಸಿ ಡಯಾಲಿಸಿಸ್ ಕೇಂದ್ರಗಳ ಗೋಡೆಗೆ ಅಂಟಿಸುವ ಕೆಲಸವನ್ನು ರಾಜ್ಯದ ಆರೋಗ್ಯ ಇಲಾಖೆ ಈ ತಿಂಗಳೇ ಮಾಡಬಹುದು. ಸಾಸೇಜ್ ಬದಲು ಬೇಯಿಸಿದ ಮೊಟ್ಟೆಯ ಬಿಳಿಭಾಗ ಒಳ್ಳೆಯದು, ತಾಜಾ ಕೋಳಿ ಅಥವಾ ಮೀನು ಎಷ್ಟು ಎಂದು ವೈದ್ಯರನ್ನು ಕೇಳಿ ಎಂಬ ಸಾಲೂ ಅದರಲ್ಲಿರಲಿ.

– ಡಯಾಲಿಸಿಸ್ ರೋಗಿಯೊಬ್ಬರ ಪತ್ನಿ, ಮಂಗಳೂರು