ಮಗುವಿನ ಸಂಗೀತ ತರಗತಿಗೆ ಅಜ್ಜಿಯೂ ಬರಲಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಪ್ಲೇಹೋಮ್‌ಗಳ ಜಾಹೀರಾತುಗಳು ಸಾಲುಸಾಲಾಗಿ ಬರುತ್ತವೆ. ಅವುಗಳಲ್ಲಿ ಈಚೆಗೆ ‘ಎರಡು ವರ್ಷದಿಂದಲೇ ಸಂಗೀತ’ ಎಂಬ ಮಾತು ಜಾಸ್ತಿ ಕಾಣುತ್ತಿದೆ. ನಾನು ತುಮಕೂರಿನಲ್ಲಿ ಮನೆಯಲ್ಲೇ ಕರ್ನಾಟಕ ಸಂಗೀತ ಹೇಳಿಕೊಡುವವಳು. ಶನಿವಾರ ಬೆಳಿಗ್ಗೆ ಮಾತ್ರ ಬೇರೆ ಥರದ ತರಗತಿ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಅವರನ್ನು ನೋಡಿಕೊಳ್ಳುವ ದೊಡ್ಡವರು, ಎಲ್ಲರೂ ಒಟ್ಟಿಗೆ ಕೂತು ಹಾಡುತ್ತೇವೆ. ಆ ಜಾಹೀರಾತುಗಳನ್ನು ನೋಡಿ ಮಗುವನ್ನು ಸೇರಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಖಂಡಿತ ಸೇರಿಸಿ. ಆದರೆ ದೊಡ್ಡವರನ್ನು ಬಾಗಿಲ ಹೊರಗೆ ಕೂರಿಸುವ ತರಗತಿಗೆ ಸೇರಿಸಬೇಡಿ.

ಎರಡು ವರ್ಷದ ಮಗುವಿಗೆ ಪಾಠ ಅಂತ ಏನು ಹೇಳಿಕೊಡಲು ಸಾಧ್ಯ? ಅದು ಕಲಿಯುವುದೆಲ್ಲ ತಾನು ನಂಬಿದವರನ್ನು ನೋಡಿ, ಕೇಳಿ. ಹೊಟ್ಟೆಯಲ್ಲಿರುವಾಗಲೇ ಕೊನೆಯ ಮೂರು ತಿಂಗಳು ತಾಯಿಯ ದನಿ ಕೇಳಿ ಕೇಳಿ ಅದಕ್ಕೆ ಪರಿಚಯವಾಗಿರುತ್ತದೆ. 1980ರಲ್ಲಿ ಅಮೆರಿಕದ ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟು, ಅವು ಚೀಪುವ ರೀತಿಗೆ ತಕ್ಕಂತೆ ಒಮ್ಮೆ ತಾಯಿಯ ದನಿ, ಒಮ್ಮೆ ಬೇರೆ ಹೆಂಗಸಿನ ದನಿ ಕೇಳಿಸುವ ಹಾಗೆ ಮಾಡಿದ್ದರು. ಕೂಸುಗಳು ತಾಯಿಯ ದನಿ ಬರುವ ಹಾಗೆಯೇ ಚೀಪುವುದನ್ನು ಹೊಂದಿಸಿಕೊಂಡವು. ಅಂಥ ಕಿವಿಯ ಮುಂದೆ ನಾವು ಮೊಬೈಲ್ ಇಟ್ಟು ‘ಹಾಡು ಕೇಳು ಪುಟ್ಟಾ’ ಎನ್ನುತ್ತೇವೆ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡವೇ ಬೇಡ, ಆಮೇಲೂ ಐದು ವರ್ಷ ತುಂಬುವವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟ ಮಾಡಿಸುವ ಹೊತ್ತಿನಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಈ ಮಾತು ಪಾಲನೆಯಾಗುತ್ತಿದೆ, ಹೇಳಿ.

‘ನಮಗೆ ಹಾಡಕ್ಕೆ ಬರಲ್ಲ ಮೇಡಂ, ಅದಕ್ಕೇ ನಿಮ್ಮ ಹತ್ರ ಕರ್ಕೊಂಡು ಬಂದಿದೀವಿ.’ ಹೊಸದಾಗಿ ಬರುವವರು ಹೆಚ್ಚುಕಮ್ಮಿ ಎಲ್ಲರೂ ಹೀಗೇ ಹೇಳುತ್ತಾರೆ. ಪರವಾಗಿಲ್ಲ, ಕೂತ್ಕೊಳ್ಳಿ ಎನ್ನುತ್ತೇನೆ. ಜಮಖಾನದ ಮೇಲೆ ವೃತ್ತವಾಗಿ ಕೂರುವುದು. ಮಂಡಿ ನೋವಿರುವವರಿಗೆ ಕುರ್ಚಿ ಇದೆ. ಚಪ್ಪಲಿ, ಮೊಬೈಲ್ ಎರಡೂ ಹೊರಗೆ. ಮುಕ್ಕಾಲು ಗಂಟೆ, ಅಷ್ಟೇ.

ಮೊದಲಿಗೆ ಒಂದೊಂದು ಮಗುವಿನ ಹೆಸರನ್ನೂ ರಾಗವಾಗಿ ಕೂಗಿ ಕರೆಯುತ್ತೇವೆ. ಆಮೇಲೆ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಆದಿತಾಳ ಹಾಕುವುದು. ತಾಳವನ್ನು ಮಗು ಹಾಕಬೇಕಿಲ್ಲ, ದೊಡ್ಡವರು ಹಾಕಬೇಕು. ಮಗುವಿನ ಅಂಗಾಲಿನ ಮೇಲೆ ಮೆಲ್ಲಗೆ ತಟ್ಟಿದರೆ ಎಂಟು ಎಣಿಕೆ ಅದರ ಮೈಗೇ ಗೊತ್ತಾಗುತ್ತದೆ. ಮಗುವಿನ ಕೈ ಹಿಡಿದು ಬಲವಂತವಾಗಿ ಚಪ್ಪಾಳೆ ತಟ್ಟಿಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸುತ್ತೇನೆ. ಮೂರು ವರ್ಷದ ಮಗು ತಾಳ ತಪ್ಪಿದರೆ ತಪ್ಪಲಿ ಬಿಡಿ, ಅದರ ವಯಸ್ಸೇ ಅಂಥದ್ದು.

ಶ್ರುತಿಯ, ಅಂದರೆ ಹಾಡಿಗೆ ಆಧಾರವಾಗುವ ಸ್ವರದ ಎತ್ತರದ, ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆ ಶ್ರುತಿಗೆ ಹಾಡುತ್ತೇವೆ. ಸಣ್ಣ ಮಕ್ಕಳ ಗಂಟಲಿಗೆ ಆ ಷಡ್ಜ, ಅಂದರೆ ‘ಸ’ ಸ್ವರ, ತುಂಬಾ ತಗ್ಗು. ಅವರ ದನಿ ಸಲೀಸಾಗಿ ಆಡುವುದು ನಮ್ಮ ಪಂಚಮದಿಂದ (‘ಪ’ ಸ್ವರ) ಮೇಲಿನ ಷಡ್ಜದ ಆಸುಪಾಸಿನಲ್ಲಿ. ತಗ್ಗಿಸಿ ಗುನುಗಿದರೆ ಮಗು ಸೇರಿಕೊಳ್ಳುವುದಿಲ್ಲ, ಸ್ವಲ್ಪ ಎತ್ತರಿಸಿ ಹಾಡಿದರೆ ಸೇರಿಕೊಳ್ಳುತ್ತದೆ. ಇನ್ನೊಂದು ಉಪಾಯವಿದೆ. ಗೊತ್ತಿರುವ ಹಾಡಿನ ಸಾಲು ಹಾಡುತ್ತಾ ಕೊನೆಯ ಅಕ್ಷರಕ್ಕೆ ಮುಂಚೆ ಸುಮ್ಮನಾಗಿ ಮಗುವಿನ ಮುಖ ನೋಡಿ. ಕಾಯಿರಿ. ನೀವೇ ಹೇಳಿ ಮುಗಿಸಿಬಿಡಬೇಡಿ. ಮಾತು ಬಾರದ ಕೂಸು ಕೂಡ ಒಂದು ದಿನ ‘ಆ...’ ಎಂದು ಆ ಜಾಗ ತುಂಬುತ್ತದೆ. ಎಷ್ಟೋ ಸಲ ಅದು ಹಿಡಿದದ್ದು ಸರಿಯಾದ ಷಡ್ಜವೇ ಆಗಿರುತ್ತದೆ. ನನ್ನ ತಂಬೂರಿ ಪಕ್ಕದಲ್ಲೇ ಇರುತ್ತದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ತರಗತಿಯಲ್ಲಿ ಬಾಯೇ ಬಿಡದ ಮಕ್ಕಳೂ ಇದ್ದಾರೆ. ಅಮ್ಮನ ಸೆರಗು ಹಿಡಿದು ನೋಡುತ್ತಾ ಕೂತಿರುತ್ತವೆ. ‘ದುಡ್ಡು ದಂಡ’ ಎಂದುಕೊಳ್ಳುವ ಅಪ್ಪಂದಿರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಅದೇ ಮಗು ಮನೆಯಲ್ಲಿ ಸ್ನಾನ ಮಾಡುವಾಗ ಇಡೀ ಹಾಡು ಹೇಳಿತು ಎಂದು ಆಮೇಲೆ ಅವರೇ ಬಂದು ಹೇಳುತ್ತಾರೆ. ಮನೆಯಲ್ಲಿ ಜೊತೆಗೆ ಹಾಡುವವರು ಇದ್ದರೆ ಮಾತ್ರ ಹೀಗಾಗುತ್ತದೆ. ದೊಡ್ಡವರು ತರಗತಿಯ ಒಳಗೆ ಇರಬೇಕು ಎನ್ನುವುದು ಇದಕ್ಕೇ.

ಇದೇನೂ ನನ್ನ ಸ್ವಂತ ಕಲ್ಪನೆಯಲ್ಲ. ಜಪಾನಿನ ಶಿನಿಚಿ ಸುಜುಕಿ ಸಣ್ಣ ಮಕ್ಕಳಿಗೆ ವಯಲಿನ್ ಕಲಿಸುವಾಗ ತಂದೆ ಅಥವಾ ತಾಯಿ ಪ್ರತಿ ಪಾಠಕ್ಕೂ ಬರಬೇಕಿತ್ತು. ಎಷ್ಟೋ ಕಡೆ ಮಗುವಿಗಿಂತ ಮೊದಲು ತಾಯಿಯೇ ಕಮಾನು ಹಿಡಿಯಲು ಕಲಿಯುತ್ತಿದ್ದಳು. ಅಮೆರಿಕದ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ 1987ರಲ್ಲಿ ಶುರುವಾದ ‘ಮ್ಯೂಸಿಕ್ ಟುಗೆದರ್’ ತರಗತಿಗಳಲ್ಲೂ ಇದೇ ಪದ್ಧತಿ. ಹಸುಗೂಸಿನಿಂದ ಐದು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ಜೊತೆಗೆ ಬಂದ ದೊಡ್ಡವರೂ ಹಾಡಲೇಬೇಕು. ಬಾಣಂತನಕ್ಕೆಂದು ಆ ದೇಶಕ್ಕೆ ಹೋಗಿಬಂದ ನನ್ನ ಗೆಳತಿಯೊಬ್ಬರು ಮೊಮ್ಮಗನ ಜೊತೆ ಅಂಥ ತರಗತಿಗೆ ಹೋಗಿದ್ದರು. ಅಲ್ಲಿ ಏನೇನು ಮಾಡಿಸಿದರು ಎಂದು ಅವರನ್ನು ಕೂರಿಸಿಕೊಂಡು ಕೇಳಿ, ನಮ್ಮ ರಾಗ, ನಮ್ಮ ತಾಳಕ್ಕೆ ಹೊಂದಿಸಿಕೊಂಡೆ.

ನಮ್ಮ ತರಗತಿಗೆ ಬರುವ ಒಂದು ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಕೆಲಸ ಮಾಡುತ್ತಾರೆ. ಮಗುವನ್ನು ನೋಡಿಕೊಳ್ಳುವುದು ಪಾವಗಡ ಕಡೆಯ ಒಬ್ಬ ಹೆಂಗಸು. ಆಕೆ ಮೊದಲು ಬಾಗಿಲ ಹತ್ತಿರವೇ ನಿಂತಿದ್ದರು. ‘ನಾನು ಕೆಲಸದವಳು ಅಕ್ಕಾ, ನೀವು ಪಾಪುಗೆ ಹೇಳ್ಕೊಡಿ’ ಅಂದರು. ಒಳಗೆ ಕರೆದು ಮಗುವನ್ನು ಅವರ ತೊಡೆಯ ಮೇಲೇ ಕೂರಿಸಿದೆ. ಕೆಲವು ವಾರ ತುಟಿ ಮಾತ್ರ ಆಡಿಸುತ್ತಿದ್ದರು. ಒಂದು ಶನಿವಾರ ನಿದ್ದೆಗಣ್ಣಿನ ಮಗು ರಚ್ಚೆ ಹಿಡಿಯಿತು. ನನ್ನ ಯಾವ ಹಾಡಿಗೂ ಬಗ್ಗಲಿಲ್ಲ. ಆಗ ಆಕೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕಿಟಕಿ ಹತ್ತಿರ ಹೋಗಿ ತೆಲುಗಿನಲ್ಲಿ ಒಂದು ಜೋಗುಳ ಶುರುಮಾಡಿದರು. ಪಾವಗಡದ ಹಳ್ಳಿಗಳಲ್ಲಿ ಮನೆಮಾತು ತೆಲುಗು ಅಲ್ವಾ. ಮೂರೇ ಮೂರು ಸ್ವರಗಳ ಹಾಡು. ಪ್ರತಿ ಸಾಲಿನ ಕೊನೆಗೆ ದನಿ ಸ್ವಲ್ಪ ಜಾರಿ ನಿಲ್ಲುತ್ತಿತ್ತು, ಆ ಜಾರುವಲ್ಲೆಲ್ಲ ಅವರ ಅಂಗೈ ಮಗುವಿನ ಬೆನ್ನ ಮೇಲೆ ಬೀಳುತ್ತಿತ್ತು. ನಾವೆಲ್ಲ ಸುಮ್ನೆ ಕೇಳಿದೆವು. ಮುಂದಿನ ವಾರದಿಂದ ಆ ಜೋಗುಳ ನಮ್ಮ ತರಗತಿಯ ಹಾಡಾಯಿತು, ಉರ್ದು ಮನೆಮಾತಿನ ಇನ್ನೊಬ್ಬ ತಾಯಿಯೂ ಅದನ್ನು ಕಲಿತರು. ಮಗುವಿನ ಜೊತೆ ಇಡೀ ದಿನ ಇರುವವರು ಯಾರೋ ಅವರೇ ಬರಬೇಕು, ಅವರ ಭಾಷೆ ಯಾವುದಾದರೂ ಸರಿ. ತರಗತಿಗೆ ಅಮ್ಮನೇ ಬರಬೇಕು ಎಂದು ನಾನು ಹಟ ಮಾಡದಿರುವುದು ಅದಕ್ಕೇ.

ವೇದಿಕೆಯ ಹಂಬಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೇಡಂ, ಟಿವಿ ಶೋಗೆ ಯಾವಾಗ ಕಳಿಸಬಹುದು’ ಎಂದು ಮೂರು ವರ್ಷದ ಮಗುವಿನ ತಂದೆ ಕೇಳಿದರೆ ನನಗೆ ಸಂಕಟವಾಗುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿರುವ ಸರಳೆ, ಜಂಟಿ, ಅಲಂಕಾರಗಳೆಂಬ ಮೊದಲ ಪಾಠಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಆರೇಳು ವರ್ಷಕ್ಕೆ ಆ ಪಾಠಗಳ ರಾಗವಾದ ಮಾಯಾಮಾಳವಗೌಳ ಶುರುಮಾಡಿದರೆ ಧಾರಾಳವಾಯಿತು. ಉಳುಮೆ ಮಾಡಿದ ಹೊಲಕ್ಕೆ ಬೀಜ ಬಿದ್ದ ಹಾಗೆ, ಮನೆಯಲ್ಲಿ ಹಾಡು ಕೇಳಿ ಬೆಳೆದ ಮಗುವಿಗೆ ಆ ಪಾಠ ಬೇಗ ಹತ್ತುತ್ತದೆ.

ಆಟಿಕೆ ವಾದ್ಯಗಳಿಗೆ ಸಾವಿರಾರು ರೂಪಾಯಿ ಸುರಿಯುವುದೂ ಬೇಡ. ಚನ್ನಪಟ್ಟಣದ ಮರದ ಗಿಲಕಿ, ಒಂದು ಜೊತೆ ಸಣ್ಣ ಕೋಲು, ಮನೆಯ ಸ್ಟೀಲ್ ತಟ್ಟೆ ಸಾಕು. ಡಬ್ಬಿಯಲ್ಲಿ ರಾಗಿ, ಹುರುಳಿ ತುಂಬಿ ಅಲ್ಲಾಡಿಸಲು ಕೊಡುವವರು ಮುಚ್ಚಳವನ್ನು ಗಟ್ಟಿಯಾಗಿ ಅಂಟಿಸಿ ಕೊಡಿ. ಕಾಳು ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಕೊನೆಯದಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು ಮನವಿ. ನನ್ನ ಹತ್ತಿರ ಬರುವವರು ಫೀಸು ಕೊಡಬಲ್ಲವರು. ಕೊಡಲಾಗದವರ ಮಕ್ಕಳು ಇರುವುದು ಅಂಗನವಾಡಿಯಲ್ಲಿ. 1975ರ ಗಾಂಧಿ ಜಯಂತಿಯಂದು ತಿ. ನರಸೀಪುರದಲ್ಲಿ 100 ಕೇಂದ್ರಗಳಿಂದ ಶುರುವಾದ ಯೋಜನೆ ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಾಗಿ ಬೆಳೆದಿದೆ. ಅಲ್ಲಿ ಅಭಿನಯ ಗೀತೆಗಳನ್ನು ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆದರೆ ಮಗು ಕಲಿತ ಹಾಡು ಮನೆಯವರಿಗೆ ಬರುವುದಿಲ್ಲ. ತಿಂಗಳಿಗೊಮ್ಮೆ ಪೋಷಕರನ್ನು ಕರೆಯುವ ಇಸಿಸಿಇ (ಶಾಲಾಪೂರ್ವ ಆರೈಕೆ ಮತ್ತು ಶಿಕ್ಷಣ) ದಿನ ಹೇಗೂ ಇದೆ. ಅವತ್ತು ಭಾಷಣ, ಸಹಿ, ಫೋಟೊ ಮುಗಿಸಿ ಕಳಿಸುವ ಬದಲು ಮುಕ್ಕಾಲು ಗಂಟೆ ಎಲ್ಲರನ್ನೂ ಕೂರಿಸಿ ಹಾಡಿಸಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳಲ್ಲೂ ಇದನ್ನು ಮಾಡಬಹುದು.

ಈ ಹೊರೆಯನ್ನು ಮಾತ್ರ ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಸಮೀಕ್ಷೆ, ಚುನಾವಣೆ, ಮೊಬೈಲ್ ಆ್ಯಪ್ ಎಂದು ಅವರು ಈಗಾಗಲೇ ಹೈರಾಣಾಗಿದ್ದಾರೆ. ಪ್ರತಿ ಊರಿನಲ್ಲೂ ಸೋಬಾನೆ ಹಾಡುವ ಹೆಂಗಸರಿದ್ದಾರೆ, ಭಜನಾ ಮಂಡಳಿಯವರಿದ್ದಾರೆ, ದಮ್ಮಡಿ ಎಂಬ ಚರ್ಮವಾದ್ಯ ಬಾರಿಸುವ ತಾತಂದಿರಿದ್ದಾರೆ. ಅವರನ್ನು ಕರೆಸಿ, ಬಂದ ದಿನಕ್ಕೆ ಸಣ್ಣ ಗೌರವಧನ ಕೊಡಿ. ಹೊಸ ರಿಜಿಸ್ಟರ್, ಹೊಸ ವರದಿ ಏನೂ ಬೇಡ.

ನಮ್ಮ ಬಡಾವಣೆಯ ಅಂಗನವಾಡಿಗೆ ತಿಂಗಳಿಗೊಮ್ಮೆ ದುಡ್ಡು ತೆಗೆದುಕೊಳ್ಳದೆ ಬರುತ್ತೇನೆ ಎಂದು ಅಲ್ಲಿನ ಕಾರ್ಯಕರ್ತೆಗೆ ಹೇಳಿದ್ದೇನೆ. ಅವರಿಗೂ ಇಷ್ಟವಿದೆ, ಆದರೆ ಮೇಲಿನವರ ಒಪ್ಪಿಗೆ ಬೇಕಂತೆ. ಇದನ್ನು ಓದಿದ ಅಧಿಕಾರಿಗಳು ಆ ಒಪ್ಪಿಗೆಯನ್ನು ಬೇಗ ಕೊಡಿಸಿದರೆ ಉಪಕಾರವಾಗುತ್ತದೆ.

– ಸಂಗೀತ ಶಿಕ್ಷಕಿ, ತುಮಕೂರು