ಟ್ರ್ಯಾಕ್ಟರ್ ಓಡಿಸೋದು ಬೇರೆ, ಟ್ರೈಲರ್ ಎಳೆಯೋದು ಬೇರೆ

ಮಾನ್ಯ ಸಂಪಾದಕರೇ,

ಕಬ್ಬು ಅರೆಯುವ ಹಂಗಾಮು ಶುರುವಾಗುವಾಗ ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಗೆ ಅಗ್ನಿಸ್ಪರ್ಶ ಅಂತ ಪ್ರತಿ ವರ್ಷ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದಾಗಿ ಸ್ವಲ್ಪ ದಿನಕ್ಕೆ ಒಳಪುಟದಲ್ಲಿ ಇನ್ನೊಂದು ಸುದ್ದಿ, ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ. 'ಚಾಲಕನ ನಿಯಂತ್ರಣ ತಪ್ಪಿ' ಅಂತ ನಾಲ್ಕು ಸಾಲು ಇರುತ್ತದೆ. ಯಾಕೆ ತಪ್ಪಿತು ಅಂತ ಇರುವುದಿಲ್ಲ. ಹಂಗಾಮು ಶುರುವಾಗುವ ಮೊದಲು ಅದನ್ನೇ ಬರೆಯೋಣ ಅನ್ನಿಸಿತು. ಮದ್ದೂರು ಕಡೆ ಟ್ರೈಲರ್ ಕಟ್ಟುವ, ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿ ನನ್ನದು. ಮುರಿದ ಕೊಂಡಿ, ಸೊಟ್ಟಗಾದ ಡ್ರಾಬಾರ್ (ಟ್ರೈಲರ್ ಎಳೆಯುವ ಕಬ್ಬಿಣದ ದಂಡ) ಎಲ್ಲ ಕೊನೆಗೆ ನಮ್ಮಂಥವರ ಹತ್ತಿರವೇ ಬರುವುದು. ಹಾಗಾಗಿ ಯಾವುದು ಯಾಕೆ ಮುರಿಯಿತು ಅಂತ ಒಂದಷ್ಟು ಗೊತ್ತಾಗುತ್ತದೆ.

ಮೊದಲನೇ ವಿಷಯ. ಪಲ್ಟಿ ಹೊಡೆಸುವ ಹುಡುಗರಿಗೆ ಟ್ರ್ಯಾಕ್ಟರ್ ಬರುವುದಿಲ್ಲ ಅಂತ ಅಲ್ಲ. ಕೆಸರಿನಲ್ಲಿ ಕೇಜ್‌ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿಕೊಂಡು ದೊಡ್ಡವರಿಗಿಂತ ಚೆನ್ನಾಗಿ ಗದ್ದೆ ಹೊಡೆಯುತ್ತಾರೆ. ಅವರಿಗೆ ಬರದೆ ಇರುವುದು ಹಿಂದಿನ ಟ್ರೈಲರ್. ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಖಾಲಿ ಟ್ರೈಲರ್ ತಗುಲಿಸಿಕೊಂಡು ಗೊಬ್ಬರ ತರಲು ಹೋಗಿ ಬಂದಿರುತ್ತಾನೆ, ಅದೇ ಅನುಭವ. ಕಟಾವು ಶುರುವಾದ ದಿನ ಡ್ರೈವರ್ ಕೈಕೊಟ್ಟ ಅಂತ ಸೀದಾ ಹತ್ತು ಟನ್ ಹೇರಿ 'ಹೋಗ್ಬಾ ಮಗ' ಅಂತಾರೆ. ಲೈಸೆನ್ಸ್ ಕಾನೂನಿನ ಕಡೆಯಿಂದಲೂ ತಡೆಯಿಲ್ಲ. 7,500 ಕೆ.ಜಿ.ಗಿಂತ ಖಾಲಿ ತೂಕ ಕಡಿಮೆ ಇರುವ ಟ್ರ್ಯಾಕ್ಟರ್ ಕಾರಿನ ಹಾಗೆ ಲೈಟ್ ಮೋಟಾರ್ ವೆಹಿಕಲ್ ಲೆಕ್ಕಕ್ಕೇ ಬರುತ್ತದೆ. ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಹೋಗಿ ತೋರಿಸು ಅಂತ ಲೈಸೆನ್ಸ್ ಕೊಡುವಾಗ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇದಕ್ಕೆ ಇಂಗ್ಲೆಂಡಿನ ಸಂಗತಿ ಒಂದನ್ನು ಹೇಳಬೇಕು. ನನ್ನ ತಂಗಿ ಮಗ ಅಲ್ಲಿದ್ದಾನೆ. ಅವನು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೆಂಡತಿ ಮಕ್ಕಳ ಜೊತೆ ಊರೂರು ಸುತ್ತುತ್ತಾನೆ. ಕ್ಯಾರವಾನ್ ಅಂದ್ರೆ ಇಲ್ಲಿ ಸಿನಿಮಾ ಶೂಟಿಂಗಿಗೆ ಬರುವಂಥದ್ದಲ್ಲ, ಅದಕ್ಕೆ ತನ್ನದೇ ಇಂಜಿನ್ ಇರುತ್ತದೆ. ಇದು ಕೊಂಡಿ ಹಾಕಿ ಎಳೆಯುವ ಮಲಗುವ ಕೋಣೆ, ಅಷ್ಟೇ. ಮೊದಲ ಸಲ ಎಳೆಯುವ ಮುಂಚೆ ದುಡ್ಡು ಕೊಟ್ಟು ಪಾಠಕ್ಕೆ ಹೋಗಿದ್ದನಂತೆ. ಅದಕ್ಕೂ ಟ್ಯೂಷನ್ನಾ ಅಂತ ನಕ್ಕೆ. 'ಮಾವ, ಮುಂದಕ್ಕೆ ಎಳೆಯೋಕೆ ಯಾರ್ ಬೇಕಾದ್ರೂ ಎಳೀತಾರೆ. ನಿಲ್ಸೋದೇ ಕಷ್ಟ' ಅಂದ. ಅಲ್ಲಿ ಕಾನೂನು ಬಲವಂತ ಮಾಡುತ್ತದೆ ಅಂದುಕೊಳ್ಳಬೇಡಿ. 1997ರಿಂದ ಈಚೆಗೆ ಕಾರಿನ ಲೈಸೆನ್ಸ್ ತೆಗೆದುಕೊಂಡವರು ಭಾರದ ಟ್ರೈಲರ್ ಎಳೆಯಬೇಕಾದರೆ ಇನ್ನೊಂದು ಪರೀಕ್ಷೆ ಕೊಡಬೇಕಿತ್ತು, 2021ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಆದರೂ ಜನ ಹೋಗಿ ಕಲಿಯುತ್ತಾರೆ.

ಅವರ ಲೆಕ್ಕ ಕೇಳಿದರೆ ನಮ್ಮವರಿಗೆ ನಗು ಬರುತ್ತದೆ. ಹೊಸಬರು ಎಳೆಯುವ ಕ್ಯಾರವಾನಿನ ತೂಕ ಕಾರಿನ ತೂಕದ ನೂರಕ್ಕೆ 85ರೊಳಗೆ ಇರಲಿ ಅಂತಾರೆ. ಅಂದರೆ ಬಾಲ ಯಾವಾಗಲೂ ಮೈಗಿಂತ ಹಗುರ ಇರಬೇಕು. ನಮ್ಮದು ನೋಡಿ. ಟ್ರ್ಯಾಕ್ಟರ್ ಎರಡು ಟನ್ ಆಸುಪಾಸು. ಹಿಂದೆ ಎಂಟು ಹತ್ತು ಟನ್ ಕಬ್ಬು, ಜೊತೆಗೆ ಟ್ರೈಲರಿನ ತೂಕ. ಕೆಲವರು ಅದರ ಹಿಂದೆ ಇನ್ನೊಂದನ್ನೂ ತಗುಲಿಸುತ್ತಾರೆ. ಅಲ್ಲಿ 750 ಕೆ.ಜಿ. ದಾಟಿದ ಟ್ರೈಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ಕೊಂಡಿ ಕಳಚಿದರೆ ಒಂದು ಸಣ್ಣ ತಂತಿ ಎಳೆದುಕೊಂಡು ಕ್ಯಾರವಾನಿನ ಬ್ರೇಕು ತಾನಾಗೇ ಹಿಡಿಯುತ್ತದೆ. ನನ್ನ ಅಂಗಡಿಗೆ ಬರುವ ಟ್ರೈಲರ್‌ಗಳಲ್ಲಿ ಕೆಲಸ ಮಾಡುವ ಬ್ರೇಕ್ ಕಾಣುವುದೇ ಅಪರೂಪ. ಎಲ್ಲ ಭಾರವನ್ನೂ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರವೇ ತಡೆಯಬೇಕು. ಇಷ್ಟಿದ್ದೂ ನಾವು ಬಚಾವಾಗುತ್ತಿರುವುದು ನಿಧಾನ ಹೋಗುವುದರಿಂದ, ಬೇರೆ ಯಾವ ಕಾರಣಕ್ಕೂ ಅಲ್ಲ. ಅದಕ್ಕೇ ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ನಿಧಾನ ಅನ್ನೋದನ್ನೂ ಅವನು ಬಿಟ್ಟುಬಿಟ್ಟ.

ಇಳಿಜಾರಿನ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನ ಪಲ್ಟಿ ಅಲ್ಲೇ ಆಗುವುದು. ಇಳಿಯುವ ಮೊದಲೇ ಗೇರು ಕಮ್ಮಿ ಮಾಡಿಕೊಳ್ಳಬೇಕು, ಮಧ್ಯದಲ್ಲಿ ಅಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೇ ಡ್ರೈವರ್‌ಗಳು ಹೇಳುತ್ತಾರಲ್ಲ, ಅದು ಸರಿಯಾದ ಮಾತು. ಗಾಬರಿಯಾಗಿ ಕ್ಲಚ್ ಒತ್ತಿದರೆ ಇಂಜಿನ್ ಹಿಡಿತ ತಪ್ಪುತ್ತದೆ, ಹಿಂದಿನ ಭಾರ ಟ್ರ್ಯಾಕ್ಟರನ್ನು ತಳ್ಳಲು ಶುರು ಮಾಡುತ್ತದೆ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಟ್ರೈಲರ್ ನಿಲ್ಲುವುದಿಲ್ಲ. ಪಕ್ಕಕ್ಕೆ ಬಂದು ಟ್ರ್ಯಾಕ್ಟರನ್ನೇ ಮಡಚಿ ಹಾಕುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಇದು ಆದರೆ ಕಥೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದು ಟ್ರ್ಯಾಕ್ಟರ್ ಅಲ್ಲ, ಕಾರಣವೂ ಬೇರೆ. ಆದರೆ ನಾಲೆ ಪಕ್ಕದ ರಸ್ತೆ ತಪ್ಪನ್ನು ಕ್ಷಮಿಸುವುದಿಲ್ಲ, ಕಬ್ಬಿನ ಗಾಡಿಗಳು ಓಡಾಡುವುದು ಅಂಥ ರಸ್ತೆಗಳಲ್ಲೇ.

ಇನ್ನು ಬ್ರೇಕ್ ಪೆಡಲ್. ಟ್ರ್ಯಾಕ್ಟರಿಗೆ ಬಲಗಡೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಉಳುವಾಗ ಬದುವಿನ ಹತ್ತಿರ ಒಂದನ್ನೇ ಒತ್ತಿ ಗಕ್ಕನೆ ತಿರುಗಿಸಲು ಅದು ಬೇಕು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಲಾಕ್ ಹಾಕಬೇಕು. ಬೆಳಿಗ್ಗೆ ಗದ್ದೆ ಉತ್ತು ಮಧ್ಯಾಹ್ನ ಕಬ್ಬು ಎಳೆಯುವ ಹುಡುಗ ಈ ಲಾಕ್ ಹಾಕಲು ಮರೆಯುತ್ತಾನೆ. ಎಮ್ಮೆ ಅಡ್ಡ ಬಂತು ಅಂತ ಕಾಲಿಟ್ಟರೆ ಒಂದೇ ಪೆಡಲ್ ಸಿಗುತ್ತದೆ, ಒಂದೇ ಚಕ್ರ ಹಿಡಿಯುತ್ತದೆ, ಟ್ರ್ಯಾಕ್ಟರ್ ಗಿರಕಿ ಹೊಡೆಯುತ್ತದೆ. ಹೆಬ್ಬೆರಳಿನಷ್ಟು ದೊಡ್ಡ ಕಬ್ಬಿಣದ ಪಟ್ಟಿ ಅದು. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಅದು ಕಿತ್ತುಹೋಗಿ ಯಾವ ಕಾಲವಾಗಿದೆಯೋ.

ಭಾರ ಹೇರುವುದರ ಬಗ್ಗೆ ಹೊಸದಾಗಿ ಹೇಳಬೇಕಾಗಿಯೇ ಇಲ್ಲ. ಎತ್ತಿನ ಗಾಡಿ ಹೊಡೆದ ನಮ್ಮ ಹಿರಿಯರಿಗೆಲ್ಲ ಗೊತ್ತಿತ್ತು. ಹಿಂಭಾರ ಆದರೆ ಮೂಕಿ (ಗಾಡಿಯ ಮುಂದಿನ ಉದ್ದ ಮರ) ಮೇಲಕ್ಕೆದ್ದು ಎತ್ತಿನ ಕೊರಳು ಹಿಸುಕುತ್ತದೆ, ಮುಂಭಾರ ಆದರೆ ಹೆಗಲು ಕುಸಿಯುತ್ತದೆ. ಎರಡು ಚಕ್ರದ ಟ್ರೈಲರಿಗೂ ಅದೇ ನ್ಯಾಯ. ಕ್ಯಾರವಾನಿನವರು ಅದನ್ನೇ ತಕ್ಕಡಿಯಲ್ಲಿಟ್ಟು ನೋಡುತ್ತಾರೆ, ಒಟ್ಟು ತೂಕದ ನೂರಕ್ಕೆ ಐದರಿಂದ ಏಳು ಭಾಗ ಕೊಂಡಿಯ ಮೇಲೆ ಕೂರಬೇಕಂತೆ. ಕಮ್ಮಿ ಆದರೆ ಹಿಂದಿನದು ಹಾವಿನ ಹಾಗೆ ಹೊಯ್ದಾಡುತ್ತದೆ. ಹಾಗೆ ಆಡಿದಾಗ ಗಕ್ಕನೆ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ಅತ್ತಿತ್ತ ತಿರುಗಿಸಬಾರದು, ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮಾತ್ರ ಬಿಡಬೇಕು ಅಂತ ಮೊದಲ ದಿನವೇ ಹೇಳಿಕೊಡುತ್ತಾರಂತೆ. ನಮ್ಮಲ್ಲಿ ತಾಪತ್ರಯ ಜಾಸ್ತಿ ಇನ್ನೊಂದು ಕಡೆಯಿಂದ. ಮುಂಭಾರ ಹೇರಿ, ಕೊಂಡಿಯನ್ನೂ ಎತ್ತರಕ್ಕೆ ಹಾಕಿ, ನಾಲೆ ಸೇತುವೆಯ ಏರು ಹತ್ತಿಸಿದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ಎದ್ದೇಳುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಸ್ಟೇರಿಂಗ್ ಹಿಡಿದುಕೊಂಡು ಏನು ಮಾಡ್ತೀರಿ? ಇದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಶಿಳ್ಳೆ ಹೊಡೆಯುವವರೂ ಇದ್ದಾರೆ. ಕೊಂಡಿ ಕೆಳಗಿನ ಡ್ರಾಬಾರಿಗೇ ಇರಬೇಕು. ನೇಗಿಲಿನಂಥವನ್ನು ಕಟ್ಟುವ ಮೇಲಿನ ಟಾಪ್‌ಲಿಂಕ್ ಜಾಗಕ್ಕೆ ಟ್ರೈಲರ್ ಕಟ್ಟುವುದು ಸಾವನ್ನು ಕರೆದ ಹಾಗೆ.

ಕೊಂಡಿ ಪಿನ್ನಿನ ಕಥೆ ಕೇಳಿ. ಸರಿಯಾದ ಪಿನ್ನು, ಅದು ಮೇಲೆ ಹಾರದಂತೆ ಕೆಳಗೆ ಕ್ಲಿಪ್ಪು, ಎರಡೂ ಸೇರಿದರೆ ಒಂದು ಹೊತ್ತಿನ ಬಾಡೂಟದ ಖರ್ಚೂ ಆಗುವುದಿಲ್ಲ. ಅದರ ಬದಲು ಏನೇನು ಹಾಕುತ್ತಾರೆ ಅಂತೀರಿ! ಉಳಿದ ಕಂಬಿ ತುಂಡು, ಹಳೇ ಬೋಲ್ಟು, ಕ್ಲಿಪ್ಪಿನ ಜಾಗಕ್ಕೆ ಬೈಂಡಿಂಗ್ ವೈರು. ಸವೆದು ನಡುವೆ ಸಣ್ಣಗಾದ ಪಿನ್ನುಗಳನ್ನು ಅಂಗಡಿ ಮುಂದೆ ತೂಗುಹಾಕಿದ್ದೇನೆ, ಬಂದವರು ನೋಡಲಿ ಅಂತ. ಪಿನ್ನಿನ ಜೊತೆಗೆ ಒಂದು ಸರಪಳಿ ಹಾಕಿದರೆ ಪಿನ್ನು ಹೋದರೂ ಟ್ರೈಲರ್ ಎಲ್ಲಿಗೋ ನುಗ್ಗುವುದಿಲ್ಲ. ಆ ಸರಪಳಿಯನ್ನು ಎಷ್ಟು ಜನ ಹಾಕಿಸಿಕೊಂಡಿದ್ದಾರೆ ಅಂತ ನಾನು ಹೇಳಿದರೆ ನನ್ನ ಗಿರಾಕಿಗಳೇ ಜಗಳಕ್ಕೆ ಬರುತ್ತಾರೆ, ಬಿಡಿ.

ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎರಡು ಟ್ರೈಲರ್ ಇದ್ದರೆ ಇನ್ನೂ ಒಳಗೆ. ಸಿಕ್ಕ ಸಂದಿಯಲ್ಲಿ ನುಗ್ಗಿದ ಬೈಕಿನವನು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ. ಅದು ಸರಿಯಾದ ಕೆಲಸವೇ, ನೂರರಲ್ಲಿ ಬರುವ ಕಾರಿನ ಮುಂದೆ ಟ್ರೈಲರ್ ಇರಬಾರದು. ಆದರೆ ಈಗ ಆ ಮೂರೂ ಒಂದೇ ಸರ್ವಿಸ್ ರಸ್ತೆಯಲ್ಲಿ ಒಟ್ಟಿಗೆ ಹೋಗಬೇಕು, ಅಂಡರ್‌ಪಾಸಿನ ಬಾಯಲ್ಲಿ ಒಟ್ಟಿಗೆ ತಿರುಗಬೇಕು. ಆದ್ದರಿಂದ ಟ್ರೈಲರ್ ಎಳೆಯುವವನು ಅಗಲಕ್ಕೆ ತೆಗೆದುಕೊಂಡು ತಿರುಗಿಸುವುದನ್ನು ಮೊದಲು ಕಲಿಯಬೇಕು, ಬೈಕಿನವರು ಆ ಹೊತ್ತಿಗೆ ಸುಮ್ನೆ ಹಿಂದೆ ನಿಲ್ಲುವುದನ್ನು ಕಲಿಯಬೇಕು. ಸ್ಕೂಲ್ ಬಿಟ್ಟ ಮಕ್ಕಳು ಓಡುವ ಟ್ರೈಲರಿನಿಂದ ಕಬ್ಬು ಹಿರಿಯುವುದಂತೂ ನಾವು ಚಿಕ್ಕವರಿದ್ದಾಗಿಂದ ನಡೆದುಬಂದಿದೆ. ಬೈದರೆ ಬಿಡುವುದಿಲ್ಲ, ವೇಗ ಜಾಸ್ತಿ ಮಾಡಿದರೆ ಬೀಳುತ್ತಾರೆ. ನಿಲ್ಲಿಸಿ ಎರಡು ಜಲ್ಲೆ ಕೊಟ್ಟು ಕಳಿಸುವ ಡ್ರೈವರ್ ಬುದ್ಧಿವಂತ.

ರಿವರ್ಸ್ ಬಗ್ಗೆ ಪತ್ರದಲ್ಲಿ ಬರೆದು ಕಲಿಸಲು ಆಗುವುದಿಲ್ಲ. ಎರಡು ಚಕ್ರದ ಟ್ರೈಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ, ಅಷ್ಟು ನೆನಪಿಟ್ಟುಕೊಂಡು ಆಲೆಮನೆ ಅಂಗಳದಲ್ಲೋ ಒಣಗಿದ ಗದ್ದೆಯಲ್ಲೋ ಖಾಲಿ ಟ್ರೈಲರ್ ಹಾಕಿಕೊಂಡು ಮಾಡಿ ನೋಡಬೇಕು. ಎರಡು ಚಕ್ರದ್ದು ಬೇಗ ಬರುತ್ತದೆ. ನಾಲ್ಕು ಚಕ್ರದ್ದಕ್ಕೆ ಮುಂದಿನ ಆಕ್ಸಲ್ಲೂ ತಿರುಗುವುದರಿಂದ ಮಡಚುವ ಜಾಗ ಎರಡು, ಅದು ಒಳ್ಳೊಳ್ಳೆಯವರನ್ನೂ ಬೆವರಿಳಿಸುತ್ತದೆ. 'ಬಾ ಬಾ' ಅನ್ನುವವನು ಡ್ರೈವರಿಗೆ ಕಾಣುವ ಕಡೆ ನಿಲ್ಲಬೇಕು, ಟ್ರೈಲರಿನ ಬೆನ್ನ ಹಿಂದೆ ಅಲ್ಲ. ಅವನು ಕಣ್ಣಿಗೆ ಬೀಳದಿದ್ದರೆ ನಿಲ್ಲಿಸಬೇಕು.

ರಾತ್ರಿ ಪಂಕ್ಚರ್ ಆಗಿ ನಿಂತ ಟ್ರೈಲರ್ ಇನ್ನೊಂದು ಯಮ. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಗುರುತಿಗೆ ಅಂತ ಒಂದು ಸೊಪ್ಪಿನ ಕೊಂಬೆ. ಟೈರಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುತ್ತಾರಲ್ಲ, ಆ ಕಲ್ಲಿಗೆ ಬೈಕ್ ಹತ್ತಿಸಿ ಬಿದ್ದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇಳಿದು ಕಲ್ಲು ಪಕ್ಕಕ್ಕೆ ಎಸೆಯಲು ಅರ್ಧ ನಿಮಿಷ ಬೇಕಾ?

ಅಂದಹಾಗೆ ಇಂಗ್ಲೆಂಡಿನಲ್ಲಿ ಓಡುವ ಕ್ಯಾರವಾನಿನ ಒಳಗೆ ಯಾರೂ ಕೂರುವ ಹಾಗಿಲ್ಲ. ಒಳಗೆ ಮೆತ್ತನೆ ಸೋಫಾ ಇದ್ದರೂ ಹೊರಡುವಾಗ ಎಲ್ಲರೂ ಕಾರಿಗೇ ಬರಬೇಕು. ಇಲ್ಲಿ ಕಬ್ಬು ಕಡಿಯುವ ಹೆಣ್ಣಾಳುಗಳನ್ನು ಕಬ್ಬಿನ ಹೊರೆಯ ಮೇಲೆ ಕೂರಿಸಿ ಕಳಿಸುತ್ತೇವೆ, ಮಡ್‌ಗಾರ್ಡ್ ಮೇಲೆ ಎರಡೂ ಕಡೆ ಇಬ್ಬರು. ಪಲ್ಟಿಯಾದಾಗ ಹೊರೆಯ ಕೆಳಗೆ ಸಿಗುವವರು ಅವರೇ. ಅವರಿಗೆ ಬೇರೆ ಗಾಡಿ ಮಾಡಲು ದುಡ್ಡಿಲ್ಲ ಅನ್ನುವವರ ಟ್ರ್ಯಾಕ್ಟರಿನಲ್ಲಿ ಟೇಪ್ ರೆಕಾರ್ಡರಿಗೆ, ಬಾಕ್ಸಿಗೆ ದುಡ್ಡು ಇರುತ್ತದೆ. ಹಾಡು ಹಾಕಿಕೊಳ್ಳಲಿ, ಬೇಡ ಅನ್ನಲ್ಲ. ಹಿಂದಿನವನ ಹಾರನ್ ಕೇಳಿಸುವಷ್ಟಾದರೂ ಸಣ್ಣಗೆ ಇಟ್ಟುಕೊಳ್ಳಲಿ.

ನಾನು ಕೇಳುವುದು ದೊಡ್ಡದೇನಲ್ಲ. ಅರೆಯುವಿಕೆ ಶುರುವಾಗುವ ಮೊದಲು ಕಾರ್ಖಾನೆಗಳಲ್ಲಿ ಕಬ್ಬಿನ ಗಾಡಿ ನಿಲ್ಲಿಸುವ ಕೇನ್ ಯಾರ್ಡ್ ಖಾಲಿ ಬಿದ್ದಿರುತ್ತವೆ. ಅಲ್ಲೇ ಒಂದು ದಿನ ಹೊಸ ಡ್ರೈವರ್‌ಗಳನ್ನು ಕರೆಯಿರಿ. ಪಾಠ ಮಾಡಲು ಬೆಂಗಳೂರಿನಿಂದ ಯಾರೂ ಬರುವುದು ಬೇಡ, ಭಾಷಣ, ಹಾರ, ಶಾಲು ಕೂಡ ಬೇಡ. ಮೂವತ್ತು ವರ್ಷ ಕಬ್ಬು ಎಳೆದು ಒಂದು ಸಲವೂ ಮಗುಚದ ಡ್ರೈವರ್‌ಗಳು ಪ್ರತಿ ಹೋಬಳಿಯಲ್ಲೂ ಇದ್ದಾರೆ, ಅವರಿಗೆ ಆ ದಿನದ ಕೂಲಿ ಕೊಟ್ಟು ನಿಲ್ಲಿಸಿದರೆ ಸಾಕು. ತೂಕ ಹಾಕಿದ ಟ್ರೈಲರನ್ನು ಹಿಂದೆ ಮುಂದೆ ಓಡಿಸಲಿ, ಏರು ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಲಿ. ಇನ್ನೊಂದು, ಕಾರ್ಖಾನೆಗೆ ಬಂದ ಪ್ರತಿ ಗಾಡಿಯೂ ವೇಬ್ರಿಡ್ಜ್ ಮೇಲೆ ನಿಲ್ಲಲೇಬೇಕು. ತೂಕ ಬರೆದುಕೊಳ್ಳುವ ಹೊತ್ತಿನಲ್ಲಿ ಒಬ್ಬ ಕೆಳಗೆ ಬಗ್ಗಿ ಪಿನ್ನು, ಕ್ಲಿಪ್ಪು, ಸರಪಳಿ, ಹಿಂದಿನ ಲೈಟು, ಪೆಡಲ್ ಲಾಕು ನೋಡಬಹುದು. ಇಲ್ಲದವನ ಕಬ್ಬು ವಾಪಸ್ ಕಳಿಸಿ ಅಂತ ನಾನು ಹೇಳಲ್ಲ, ರೈತ ಯಾಕೆ ನಷ್ಟ ಅನುಭವಿಸಬೇಕು. ಇಳಿಸಿಕೊಂಡು, ಸರಿಮಾಡಿಸಿಕೊಂಡು ಬರುವ ತನಕ ಆ ಟ್ರೈಲರ್‌ಗೆ ಮುಂದಿನ ಲೋಡ್ ಕೊಡಬೇಡಿ. ಕಬ್ಬಿನ ವ್ಯವಹಾರ ನೋಡಿಕೊಳ್ಳುವ ಕಾರ್ಖಾನೆಯ ಫೀಲ್ಡ್‌ಮ್ಯಾನ್‌ಗಳು ಮನಸ್ಸು ಮಾಡಿದರೆ ಒಂದೇ ವಾರದಲ್ಲಿ ಎಲ್ಲರೂ ಸರಪಳಿ ಹಾಕಿಸುತ್ತಾರೆ. ವೆಲ್ಡಿಂಗಿನವನು ತನ್ನ ವ್ಯಾಪಾರಕ್ಕೆ ಬರೆದಿದ್ದಾನೆ ಅಂತ ಯಾರಾದರೂ ಅಂದರೆ, ಹಾಕಿಸುವವರು ಪಕ್ಕದ ಅಂಗಡಿಯಲ್ಲೇ ಹಾಕಿಸಲಿ.

ಇತಿ,
ಟ್ರೈಲರ್ ರಿಪೇರಿ ಕೆಲಸದವನು
ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ